ಹಳೆಯ ಕಾರಿನ ‘ಮಿಸ್ಸಿಂಗ್’ ಮತ್ತು ತರ್ಕಶಾಸ್ತ್ರ

ಕಲಾ ವಿಭಾಗದ ವಿದ್ಯಾರ್ಥಿಗೆ ಕಾರಿನ ಎಂಜಿನಿನ ಗೊಡವೆ ಏಕೆ ಎಂದು ವಾಚಕರು ಹುಬ್ಬೇರಿಸಬಹುದು. ತರ್ಕಶಾಸ್ತ್ರದ ತರಗತಿಯಲ್ಲಿ ನಾನು ಉರು ಹೊಡೆದ ಪಾಠವೊಂದು ನಿಜವಾಗಿ ಅರ್ಥವಾದದ್ದು ಆಗುಂಬೆಯ ಘಾಟಿಯಲ್ಲಿ, ಬಾನೆಟ್ಟು ತೆರೆದು ನಿಂತ ಕಾರಿನ ಮುಂದೆ. ಆದುದರಿಂದ ಈ ಲೇಖನ.

ನಮ್ಮ ಮನೆಯಲ್ಲಿರುವುದು 1988ರ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100ರ ವಂಶದ್ದು. ನಾಲ್ಕು ಸಿಲಿಂಡರಿನ, 1089 ಸಿ.ಸಿ.ಯ ಎಂಜಿನು. ಈ ಕಾರುಗಳ ತಯಾರಿಕೆ ನಿಂತು ಎರಡು ದಶಕಗಳ ಮೇಲಾಯಿತು. ಮೂವರ ಕೈ ದಾಟಿ ಬಂದ ಇದನ್ನು ಅಪ್ಪಯ್ಯ ಕೊಂಡದ್ದು ಅಜ್ಜಿಗಾಗಿ. ಕಣ್ಣಿನ ಚಿಕಿತ್ಸೆಗೆಂದು ಅವರನ್ನು ತಿಂಗಳಿಗೊಮ್ಮೆ ಘಟ್ಟದ ಕೆಳಗೆ ಕರೆದೊಯ್ಯಬೇಕಾಗಿತ್ತು.

ಅಂಗಳದಲ್ಲಿ ಗಡಿಯಾರದಂತೆ ಓಡುವ ಎಂಜಿನು, ಹಿಂದಿರುಗುವಾಗ ಸೋಮೇಶ್ವರ ದಾಟಿ ಏರು ಹಿಡಿಯುತ್ತಲೇ ಮುಗ್ಗರಿಸತೊಡಗುತ್ತಿತ್ತು. ಇದಕ್ಕೆ ಗ್ಯಾರೇಜಿನವರ ಭಾಷೆಯಲ್ಲಿ ‘ಮಿಸ್ಸಿಂಗ್’ ಎಂದು ಹೆಸರು. ಮರುದಿನ ಗ್ಯಾರೇಜಿಗೆ ಒಯ್ದರೆ ಎಲ್ಲವೂ ಸರಿ! ವೈದ್ಯರ ಬಾಗಿಲಲ್ಲಿ ಹಲ್ಲುನೋವು ಮಾಯವಾಗುವುದಿಲ್ಲವೇ, ಹಾಗೆ. ಅವರು ಅಂದಾಜಿನ ಮೇಲೆ ಒಂದು ತಿಂಗಳು ಕಾಯಿಲು ಬದಲಿಸಿದರು. ಮುಂದಿನ ತಿಂಗಳು ಕಾರ್ಬುರೇಟರು ಬಿಚ್ಚಿ ತೊಳೆದರು. ಅದರ ಮುಂದಿನ ತಿಂಗಳು ಪೆಟ್ರೋಲು ಪಂಪು ಹೊಸದಾಯಿತು. ರೋಗ ಮಾತ್ರ ಹಳೆಯದೇ. ಒಂದು ಸಂಜೆ ಮಳೆಯಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿದ್ದ ಅಜ್ಜಿಯನ್ನು ಕೂರಿಸಿಕೊಂಡು ಘಾಟಿಯ ತಿರುವಿನಲ್ಲಿ ಒಂದು ಗಂಟೆ ನಿಂತೆವು. ಮನೆ ಸೇರಿದ ಮೇಲೆ ಅಪ್ಪಯ್ಯ, “ಇನ್ನು ಇದನ್ನು ಗುಜರಿಗೆ ಹಾಕುವುದೇ ಸೈ” ಎಂದುಬಿಟ್ಟರು.

ಹಾಗಾದರೆ ಎಂಜಿನು ಮುಗ್ಗರಿಸುವುದು ಏಕೆ? ಸಿಲಿಂಡರಿನೊಳಗೆ ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣ ಒತ್ತಲ್ಪಡುತ್ತದೆ. ತಕ್ಕ ಗಳಿಗೆಯಲ್ಲಿ ಪ್ಲಗ್ಗು ಕಿಡಿ ಹಾರಿಸುತ್ತದೆ. ಮಿಶ್ರಣ ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ಬ್ಯಾಟರಿಯ 12 ವೋಲ್ಟನ್ನು ಕಾಯಿಲು ಸಾವಿರಾರು ವೋಲ್ಟುಗಳಿಗೆ ಏರಿಸಿದರೆ, ಡಿಸ್ಟ್ರಿಬ್ಯೂಟರು ಅದನ್ನು ಸರದಿಯಂತೆ ನಾಲ್ಕು ಪ್ಲಗ್ಗುಗಳಿಗೆ ಹಂಚುತ್ತದೆ. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಬಾರಿ, ನಾಲ್ಕೂ ಸೇರಿ 100 ಬಾರಿ ಕಿಡಿ ಹಾರಿಸಬೇಕು. ಮಿಶ್ರಣ, ಒತ್ತಡ, ಕಿಡಿ ಈ ಮೂರರಲ್ಲಿ ಯಾವುದೊಂದು ತಪ್ಪಿದರೂ ಆ ಸರದಿ ವ್ಯರ್ಥ.

ಏರಿನಲ್ಲಿ ಮಾತ್ರ ತಪ್ಪುವುದಕ್ಕೂ ಕಾರಣವುಂಟು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಮಿಶ್ರಣ ನುಗ್ಗಿ ಒಳಗಿನ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚಿನ ವೋಲ್ಟು ಬೇಕು. ಸಮತಟ್ಟಿನಲ್ಲಿ ಹೇಗೋ ಸಾಗಿಸುತ್ತಿದ್ದ ದುರ್ಬಲ ವೈರೋ ಪ್ಲಗ್ಗೋ ಅಲ್ಲಿ ಸೋಲುತ್ತದೆ. ಕಾರು ನಿಲ್ಲಿಸಿ ಪರೀಕ್ಷಿಸಿದರೆ ದೋಷ ಕಾಣದಿರುವುದು ಈ ಕಾರಣದಿಂದಲೇ.

ಆ ದಿನಗಳಲ್ಲಿ ನಮಗೆ ಜಾನ್ ಸ್ಟುವರ್ಟ್ ಮಿಲ್ಲನ ಪಾಠ ನಡೆದಿತ್ತು. ಕಾರಣವನ್ನು ಹುಡುಕುವ ಐದು ವಿಧಾನಗಳನ್ನು ಆತ 1843ರಲ್ಲಿ ಪ್ರಕಟಿಸಿದ ತರ್ಕಗ್ರಂಥದಲ್ಲಿ ವಿವರಿಸಿದ್ದಾನೆ. ನಮ್ಮ ಪ್ರಾಚೀನರ ಅನ್ವಯ–ವ್ಯತಿರೇಕವೂ ಇದಕ್ಕೆ ಹತ್ತಿರದ್ದು: ಕಾರಣವಿದ್ದಲ್ಲಿ ಕಾರ್ಯವುಂಟು, ಕಾರಣವಿಲ್ಲದಲ್ಲಿ ಕಾರ್ಯವಿಲ್ಲ. ಉಳಿದೆಲ್ಲವನ್ನೂ ಇದ್ದಂತೆಯೇ ಇರಿಸಿ ಒಂದನ್ನು ಮಾತ್ರ ಬದಲಿಸಿ ನೋಡು ಎಂಬುದು ಇದರ ಸಾರ. ಕಾರಿಗೂ ಇದನ್ನು ಹಚ್ಚಿ ನೋಡೋಣವೆಂದಾಗ ಅಪ್ಪಯ್ಯ, “ಪುಸ್ತಕದ ಬದನೆಕಾಯಿ ಸಾರಿಗೆ ಬರುವುದಿಲ್ಲ ಮಾರಾಯ” ಎಂದು ನಕ್ಕರು. ಆದರೂ ಮರುದಿನ ಅಜ್ಜಿಯನ್ನು ಮನೆಯಲ್ಲಿ ಬಿಟ್ಟು ನನ್ನೊಡನೆ ಹೊರಟರು.

ಮೊದಲನೆಯ ಪರೀಕ್ಷೆ ಚೋಕಿನದು. ಮುಗ್ಗರಿಸುವಾಗಲೇ ಚೋಕನ್ನು ತುಸು ಎಳೆದರೆ ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚುತ್ತದೆ. ಆಗ ಓಟ ಸುಧಾರಿಸಿದರೆ ಪೆಟ್ರೋಲು ಸಾಲುತ್ತಿಲ್ಲ, ಇಲ್ಲವೆ ಎಲ್ಲಿಂದಲೋ ಗಾಳಿ ನುಸುಳುತ್ತಿದೆ ಎಂದು ಊಹಿಸಬಹುದು. ನಮ್ಮ ಕಾರು ಸುಧಾರಿಸಲಿಲ್ಲ. ಅಲ್ಲದೆ ಪೆಟ್ರೋಲಿನ ಕೊರತೆಯಿಂದ ಎಂಜಿನು ಸಾಮಾನ್ಯವಾಗಿ ನಿಧಾನವಾಗಿ ಸೊರಗುತ್ತದೆ. ಕಿಡಿ ತಪ್ಪಿದರೆ ಥಟ್ಟನೆ ಎಳೆದಂತಾಗುತ್ತದೆ. ನಮ್ಮದು ಎರಡನೆಯ ಬಗೆ.

ಮುಗ್ಗರಿಸುತ್ತಿರುವಾಗಲೇ ಅಗಲವಾದ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನು ಆರಿಸಿ, ತುಸು ತಣಿದ ಮೇಲೆ ಪ್ಲಗ್ಗುಗಳನ್ನು ಬಿಚ್ಚಿದೆವು. ಪ್ಲಗ್ಗಿನ ಮೂತಿಯೇ ಸಿಲಿಂಡರಿನ ಕಥೆ ಹೇಳುತ್ತದೆ. ಬಿಸ್ಕತ್ತಿನ ಕಂದು ಬಣ್ಣ ಆರೋಗ್ಯ; ಒಣ ಮಸಿಯಿದ್ದರೆ ಪೆಟ್ರೋಲು ಅತಿಯಾಗಿದೆ; ಎಣ್ಣೆಯ ಜಿಡ್ಡಿದ್ದರೆ ರಿಂಗುಗಳು ಸವೆದಿರಬಹುದು; ಪೆಟ್ರೋಲಿನಿಂದ ತೊಯ್ದಿದ್ದರೆ ಅಲ್ಲಿ ಕಿಡಿ ತಪ್ಪಿದೆ. ನಮ್ಮ ನಾಲ್ಕರಲ್ಲಿ ಮೂರು ಕಂದು. ಮೂರನೆಯ ಸಿಲಿಂಡರಿನದು ಮಾತ್ರ ಒದ್ದೆ.

ಇಲ್ಲಿಯೇ ಅರ್ಧ ಕೆಲಸ ಮುಗಿಯಿತು. ಕಾಯಿಲು, ಕಾರ್ಬುರೇಟರು, ಪಂಪು ಇವು ನಾಲ್ಕು ಸಿಲಿಂಡರುಗಳಿಗೂ ಸಮಾನವಾದವು. ಅವುಗಳ ದೋಷವಾಗಿದ್ದರೆ ಒಂದೇ ಸಿಲಿಂಡರು ಪ್ರತಿ ಸಲ ಸೊರಗುವುದೇಕೆ? ಮೂರು ತಿಂಗಳು ನಾವು ದಂಡ ತೆತ್ತದ್ದು ನಿರಪರಾಧಿಗಳಿಗಾಗಿ! ಉಳಿದ ಸಂಶಯ ಮೂರರ ಮೇಲೆ: ಆ ಪ್ಲಗ್ಗು, ಅದರ ವೈರು, ಆ ಸಿಲಿಂಡರು.

ಪ್ಲಗ್ಗುಗಳನ್ನು ಒರೆಸಿ, ಎರಡನೆಯದನ್ನೂ ಮೂರನೆಯದನ್ನೂ ಅದಲು ಬದಲು ಮಾಡಿ ಮತ್ತೆ ಘಾಟಿ ಏರಿದೆವು. ಈ ಸಲವೂ ಮೂರನೆಯ ಸಿಲಿಂಡರೇ ಒದ್ದೆ, ಪ್ಲಗ್ಗು ಬಿಡುಗಡೆಯಾಯಿತು. ಬಳಿಕ ಆ ಎರಡರ ವೈರುಗಳನ್ನು ಬಿಚ್ಚಿ, ಒಂದರ ಜಾಗಕ್ಕೆ ಇನ್ನೊಂದನ್ನು ತೊಡಿಸಿದೆವು. ಕಿಡಿಯ ಸರದಿ ಕೆಡದಂತೆ ಪ್ರತಿ ತುದಿಗೂ ಚೀಟಿ ಕಟ್ಟಿಕೊಂಡಿದ್ದೆವು. ಮೂರನೆಯ ಏರಿನಲ್ಲಿ ಒದ್ದೆಯಾದದ್ದು ಎರಡನೆಯ ಸಿಲಿಂಡರು! ವೈರಿನ ಜೊತೆಗೇ ರೋಗವೂ ಹೋಗಿತ್ತು. ಆ ವೈರಿನ ರಬ್ಬರು ಹೊರಗೆ ಚೆನ್ನಾಗಿಯೇ ಇತ್ತು. ಸೀಳಿ ನೋಡಿದರೆ ತುದಿಯ ಟೋಪಿಯ ಬುಡದಲ್ಲಿ ಒಳಗಿನ ತಂತಿ ತುಂಡಾಗಿ ಕಿಲುಬು ಹಿಡಿದಿತ್ತು.

ಇತರ ಹಳೆಯ ಕಾರುಗಳಲ್ಲಿ ಅಪರಾಧಿ ಬೇರೆಯಾಗಿರಬಹುದು: ಬಿರುಕು ಬಿಟ್ಟ ಡಿಸ್ಟ್ರಿಬ್ಯೂಟರಿನ ಮುಚ್ಚಳ, ಸುಟ್ಟ ಪಾಯಿಂಟು, ಬಿಸಿಯಾದಾಗ ಕೈಕೊಡುವ ಕಂಡೆನ್ಸರು. ವಿಧಾನ ಮಾತ್ರ ಒಂದೇ. ದೋಷ ಯಾವಾಗ ಬರುತ್ತದೆ—ತಣ್ಣಗಿರುವಾಗಲೋ ಬಿಸಿಯಲ್ಲೋ, ಮಳೆಯಲ್ಲೋ ಏರಿನಲ್ಲೋ—ಎಂದು ಮೊದಲು ಬರೆದಿಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಓಡುವ ಎಂಜಿನಿನ ಪ್ಲಗ್ಗಿನ ವೈರನ್ನು ಬರಿಗೈಯಲ್ಲಿ ಎಂದೂ ಮುಟ್ಟಬಾರದು. ಇಂದಿನ ಕಾರುಗಳ ಕಂಪ್ಯೂಟರು ‘ಪಿ 0303’ ಎಂಬ ಸಂಕೇತದಿಂದ ಮೂರನೆಯ ಸಿಲಿಂಡರು ತಪ್ಪುತ್ತಿದೆಯೆಂದು ತಾನೇ ತಿಳಿಸುತ್ತದೆ. ಏಕೆ ತಪ್ಪುತ್ತಿದೆ ಎಂಬುದನ್ನು ಅಲ್ಲಿಯೂ ಮನುಷ್ಯನೇ ಹುಡುಕಬೇಕು.

ಹೊಸ ವೈರು ಹಾಕಿದ ಮೇಲೆ ಪದ್ಮಿನಿ ಗುಜರಿಗೆ ಹೋಗಲಿಲ್ಲ. ಮುಂದಿನ ತಿಂಗಳು ಅಜ್ಜಿ ಘಾಟಿಯನ್ನು ಒಂದೇ ಉಸಿರಿನಲ್ಲಿ ಏರಿ ಬಂದರು. ಮನೆಗೆ ಬಂದ ನೆಂಟರೊಡನೆ ಅಪ್ಪಯ್ಯ, “ನಮ್ಮ ಹುಡುಗ ಕಾಲೇಜಿನಲ್ಲಿ ಕಾರು ರಿಪೇರಿ ಕಲಿಯುತ್ತಿದ್ದಾನೆ” ಎಂದು ಹೇಳುತ್ತಾರೆ. ನಮ್ಮ ತರ್ಕಶಾಸ್ತ್ರದ ಗುರುಗಳು ಇದನ್ನು ಓದಿ ಕೋಪಿಸಿಕೊಳ್ಳಲಾರರೆಂದು ನಂಬಿದ್ದೇನೆ.