ಆಸ್ಟಿನ್ ಟೌನಿನ ಎಳನೀರು, ಚಾಪ್‌ಮನ್ ಪಾಸು

ಮೆಜೆಸ್ಟಿಕ್ಕಿನಲ್ಲಿ ಇಳಿದು ‘ಕಿಟ್ಟಲ್ ನಗರ’ ಅಂದೆ. ಮೊದಲ ಮೂವರು ಆಟೊದವರು ತಲೆ ಅಲ್ಲಾಡಿಸಿದರು. ನಾಲ್ಕನೆಯವರು ‘ಅದೆಲ್ ಬರುತ್ತೆ, ನೆಲಮಂಗಲದ ಕಡೆನಾ?’ ಎಂದು ನನ್ನನ್ನೇ ಕೇಳಿದರು. ‘ಆಸ್ಟಿನ್ ಟೌನ್’ ಎಂದಾಗ ‘ಹಂಗನ್ನಿ ಸಾರ್ ಮತ್ತೆ’ ಎಂದು ಮೀಟರಿನ ಮೇಲೆ 30 ರೂಪಾಯಿ ಸೇರಿಸಿ ಹತ್ತಿಸಿಕೊಂಡರು. 1894ರಲ್ಲಿ 70 ಸಾವಿರ ಪದಗಳ ಕನ್ನಡ ನಿಘಂಟನ್ನು ಕೈಗಿತ್ತ ಜರ್ಮನಿಯ ಫರ್ಡಿನೆಂಡ್ ಕಿಟ್ಟಲ್ ಹೆಸರು ಈ ಬಡಾವಣೆಗಿದೆ. ಕಾಗದದ ಮೇಲಿದೆ ಅನ್ನಬೇಕು. ಅಲ್ಲಿದ್ದ ಅರ್ಧ ದಿನದಲ್ಲಿ ಆ ಹೆಸರನ್ನು ಒಬ್ಬರ ಬಾಯಲ್ಲೂ ನಾನು ಕೇಳಲಿಲ್ಲ. ಕೇಳಿದ್ದೆಲ್ಲ ಇನ್ನೊಂದು ಹೆಸರು, ಇಲ್ಲಿಯ ಫುಟ್‌ಬಾಲ್ ಆಟಗಾರನದು: ಕಾರ್ಲ್‌ಟನ್ ಚಾಪ್‌ಮನ್.

ನಾನು ತಿಪಟೂರಿನವನು. ನಮ್ಮೂರಲ್ಲಿ ಉಂಡೆ ಅಂದರೆ ಕೊಬ್ಬರಿ. ಆಟ ಅಂದರೆ ಕಬಡ್ಡಿ, ಕೊಕ್ಕೊ, ಸಂಜೆಗೆ ವಾಲಿಬಾಲು, ಅದು ಬಿಟ್ಟರೆ ಎಲ್ಲ ಊರಿನ ಹಾಗೆ ಕ್ರಿಕೆಟ್ಟು. ನಾನು ಓದಿದ ಶಾಲೆಯಲ್ಲಿ ಒಂದೇ ಒಂದು ಫುಟ್‌ಬಾಲ್ ಇತ್ತು. ಗಾಳಿ ಹೋಗಿ ಸುಕ್ಕಾದದ್ದು ಪಿ.ಟಿ. ಮೇಷ್ಟ್ರ ಕೋಣೆಯ ಮೊಳೆಗೆ ಬಲೆಸಮೇತ ನೇತಾಡುತ್ತಿತ್ತು. ಮೂರು ವರ್ಷದಲ್ಲಿ ಅದನ್ನು ಇಳಿಸಿದ್ದು ಒಮ್ಮೆ, ಸುಣ್ಣ ಬಳಿಯುವುದಕ್ಕೆ. ಹೀಗಿದ್ದವನಿಗೆ ಒಂದಿಡೀ ಬಡಾವಣೆ ಫುಟ್‌ಬಾಲನ್ನೇ ಉಂಡು ಹೊದ್ದು ಮಲಗುತ್ತದೆ ಎಂದರೆ ನಂಬಿಕೆ ಬರುವುದು ಕಷ್ಟ. ಅಕ್ಟೋಬರಿನ ಒಂದು ಭಾನುವಾರ ಬೆಳಗಿನ ರೈಲು ಹತ್ತಿದ್ದು ಅದಕ್ಕೇ.

ಚರಿತ್ರೆಯನ್ನು ಬೇಗ ಮುಗಿಸಿಬಿಡುತ್ತೇನೆ. 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಕೂರಿಸಿದರು. ದಂಡಿನ ಜತೆ ಬಂದ ಆಟ ಸಿಪಾಯಿಗಳ ಕಾಲಿನಿಂದ ಸುತ್ತಲಿನ ಕೇರಿಗಳ ಬರಿಗಾಲಿಗೆ ದಾಟಿತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈನ ರೋವರ್ಸ್ ಕಪ್ ಗೆದ್ದಿತು, ಮರುವರ್ಷವೂ ಗೆದ್ದಿತು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ತಂದಿತು, ಕೊನೆಯದು 1968–69ರಲ್ಲಿ. ಆಮೇಲೆ 54 ವರ್ಷ ಬರಗಾಲ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗಲೇ ಅದು ಕರ್ನಾಟಕಕ್ಕೆ ಮರಳಿದ್ದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಮೈಸೂರು ಸೀಮೆಯ ಆಟಗಾರರು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚ ಪಾಂಡವ’ರಲ್ಲಿ ಒಬ್ಬರು. ಅವರು ತೀರಿಕೊಂಡದ್ದು 2017ರಲ್ಲಿ.

ಆಸ್ಟಿನ್ ಟೌನಿನ ಮೈದಾನದ ಬೇಲಿಯ ಹತ್ತಿರ ಹೋದಾಗ ಬೆಳಗಿನ ಆಟ ಮುಗಿಯುವ ಹೊತ್ತು. ಹನ್ನೆರಡು ಹದಿಮೂರರ ಹುಡುಗರು. ಒಬ್ಬನ ಬೆನ್ನಿನ ಮೇಲೆ ಮೆಸ್ಸಿ, ಇನ್ನಿಬ್ಬರ ಬೆನ್ನಿನ ಮೇಲೆ ಚೆಟ್ರಿ. ತಮಿಳಿನಲ್ಲಿ ಚೆಂಡು ಕೇಳುತ್ತಾರೆ, ಇಂಗ್ಲಿಷಿನಲ್ಲಿ ಫೌಲ್ ಅನ್ನುತ್ತಾರೆ, ಜಗಳ ಬಂದರೆ ಮಾತ್ರ ಕನ್ನಡ. ಕಿಟ್ಟಲ್ ಇದ್ದಿದ್ದರೆ ನೋಟುಬುಕ್ಕು ತೆಗೆಯುತ್ತಿದ್ದರು. ಅವರನ್ನು ‘ಚಾಪ್‌ಮನ್ ಗೊತ್ತಾ’ ಎಂದು ಕೇಳಿದೆ. ಒಬ್ಬ ‘ಚಾರ್ಲಿ ಚಾಪ್ಲಿನ್ನಾ ಅಂಕಲ್?’ ಅಂದ. ಮಿಕ್ಕವರು ಅವನ ತಲೆಗೆ ಮೊಟಕಿದರು. ಅವರಿಗಾದರೂ ಗೊತ್ತಿತ್ತೋ ಇಲ್ಲವೋ, ಮೊಟಕಿದರು.

ಬೇಲಿಯಾಚೆ, ಮರದ ನೆರಳಿನಲ್ಲಿ ಎಳನೀರಿನ ತಳ್ಳುಗಾಡಿ. ಒಂದು ಕೊಡಿ ಎಂದೆ. ‘ನೀರಾ, ಗಂಜಿನಾ?’ ಎಂದ ಧಾಟಿಯಲ್ಲೇ ನನ್ನ ಕಿವಿ ನೆಟ್ಟಗಾಯಿತು. ಯಾವೂರು ಯಜಮಾನ್ರೇ? ತುರುವೇಕೆರೆ ತಾಲ್ಲೂಕು, ದಂಡಿನಶಿವರ ಹೋಬಳಿ. ‘ನಾನು ತಿಪಟೂರು’ ಅಂದೆ. ‘ಅಯ್ಯೋ, ನಮ್ ಕಡೆಯೋರು ಕಣಪ್ಪ!’ ಎಂದು ಮಚ್ಚು ಕೆಳಗಿಟ್ಟು ಟವೆಲಿನಿಂದ ಪ್ಲಾಸ್ಟಿಕ್ ಸ್ಟೂಲನ್ನು ಒರೆಸಿದರು. ಅಲ್ಲಿಗೆ ನನ್ನ ಉಳಿದ ಸಂದರ್ಶನಗಳ ಕಥೆ ಮುಗಿಯಿತು.

ವಯಸ್ಸು ಅರವತ್ತರ ಆಸುಪಾಸು. ಕೈ ಕೆಲಸ ಮಾತ್ರ ಇಪ್ಪತ್ತರದು. ಗೊನೆಯಿಂದ ಕಾಯಿ ಕಿತ್ತು, ಮಚ್ಚಿನ ಬೆನ್ನಿನಲ್ಲಿ ಎರಡು ಸಲ ತಟ್ಟಿ, ತಲೆ ಸ್ವಲ್ಪ ಓರೆ ಮಾಡಿ ಕೇಳಿಸಿಕೊಳ್ಳುತ್ತಾರೆ. ಸದ್ದು ಒಪ್ಪಿಗೆಯಾಗದಿದ್ದರೆ ಪಕ್ಕಕ್ಕೆ. ಮೂರನೆಯದು ಒಪ್ಪಿತು. ಬುಡಕ್ಕೆ ಒಂದೇಟು, ತಲೆಗೆ ಮೂರು, ನಾಲ್ಕನೆಯದು ಹಗುರಾಗಿ, ಮುಚ್ಚಳ ಹಾರಿತು, ಒಂದು ಹನಿ ಚೆಲ್ಲಲಿಲ್ಲ. ಕುಡಿದಾದ ಮೇಲೆ ಅದನ್ನೇ ಎರಡು ಹೋಳು ಮಾಡಿ, ಸಿಪ್ಪೆಯಂಚಿನಲ್ಲಿ ಚಮಚ ಕೆತ್ತಿ ಕೊಟ್ಟರು.

‘ಚಾಪ್‌ಮನ್ನನ್ನ ನೋಡಿದ್ರಾ?’

‘ಇಲ್ಲಿ ಯಾರ್ನ ಕೇಳಿದ್ರೂ ಚಿಕ್ ಹುಡ್ಗ ಆಗಿದ್ದಾಗ್ಲಿಂದ ನೋಡಿದೀನಿ ಅಂತಾರೆ. ನಾನ್ ಯಾಕೆ ಸುಳ್ಳು ಹೇಳ್ಲಿ? ನಾನು ಬೆಂಗ್ಳೂರಿಗೆ ಬಂದಿದ್ದು ತೊಂಬತ್ತೊಂದ್ರಲ್ಲಿ. ಅಷ್ಟೊತ್ಗೆ ಅವ್ನು ಟಾಟಾ ಅಕಾಡೆಮಿಗೆ ಹೊರಟೋಗಿದ್ದ. ನಾನ್ ಅವನ್ನ ನೋಡಿದ್ದೆಲ್ಲ ಟೀವೀಲಿ. ಅದೂ ಅಂಗ್ಡಿ ಮುಂದೆ ನಿಂತ್ಕೊಂಡು, ಇಲ್ಲಿಯೋರ ಹೆಗಲ ಮೇಲಿಂದ.’

ಇದು ನನಗೆ ಹಿಡಿಸಿತು. 1971ರಲ್ಲಿ ಹುಟ್ಟಿದ ಚಾಪ್‌ಮನ್ 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದ್ದು ದಾಖಲೆಯಲ್ಲಿದೆ. ಎಳನೀರಿನವರ ಲೆಕ್ಕ ಸರಿಯಾಗಿತ್ತು. ಅಲ್ಲಿಂದ ಈಸ್ಟ್ ಬೆಂಗಾಲ್‌ಗೆ. 1993ರಲ್ಲಿ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್. ಈಸ್ಟ್ ಬೆಂಗಾಲ್ ಗೆದ್ದದ್ದು 6–2ರಿಂದ. 1995ರಲ್ಲಿ ಪಂಜಾಬಿನ ಫಗ್ವಾರಾದ ಜೆಸಿಟಿ ಗಿರಣಿಯ ತಂಡಕ್ಕೆ. ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ ಮುಂದೆ, ಇವರು ಮಧ್ಯದಲ್ಲಿ. ದೇಶದ ಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗನ್ನು, 1996–97ರದ್ದು, ಜೆಸಿಟಿಯೇ ಗೆದ್ದಿತು. ಮರುವರ್ಷ ಕೇರಳದ ಹೊಸ ಎಫ್‌ಸಿ ಕೊಚ್ಚಿನ್ ಕರೆಯಿತು, ಹೋದರು. ಅದು ಕೈಹಿಡಿಯಲಿಲ್ಲ. ಮತ್ತೆ ಈಸ್ಟ್ ಬೆಂಗಾಲ್. 2000–01ರಲ್ಲಿ ಅವರ ನಾಯಕತ್ವದಲ್ಲಿ ಆ ಕ್ಲಬ್ಬು ಮೊದಲ ಸಲ ಲೀಗ್ ಗೆದ್ದ ಮೇಲೆ ನಿವೃತ್ತಿ. ಭಾರತ ತಂಡದ ನಾಯಕನೂ ಆಗಿದ್ದರು. ಆಮೇಲಿನದೆಲ್ಲ ಕೋಚ್ ಕೆಲಸ. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತ, ವಯಸ್ಸು 49.

ನಮ್ಮ ಮಾತು ಕಿವಿಗೆ ಬಿದ್ದು, ಪಕ್ಕದ ಕಟ್ಟೆಯ ಮೇಲಿದ್ದ ಇಬ್ಬರು ಹಿರಿಯರು ಎದ್ದು ಬಂದರು. ಒಬ್ಬರು ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಹಳೆಯ ಲೆಫ್ಟ್ ಬ್ಯಾಕ್. ಇನ್ನೊಬ್ಬರು ಆಡಿದವರಲ್ಲ, ‘ಬರೀ ನೋಡಿದವನು’ ಎಂದು ತಾವೇ ಹೇಳಿಕೊಂಡರು. ಅವರಿಬ್ಬರ ಜಗಳ ನನಗಾಗಿ ಶುರುವಾದದ್ದಲ್ಲ, ಅದು ಎಂದಿನಿಂದಲೋ ನಡೆಯುತ್ತಿರುವಂಥದ್ದು. ಆಡಿದವರಿಗೆ ಹ್ಯಾಟ್ರಿಕ್ ದೊಡ್ಡದು: ಇರಾಕ್ ಅಂದರೇನು, ಅಲ್ ಜವ್ರಾ ಅಂದರೇನು, ಬಾಗ್ದಾದಿನ ಹುಲಿಗಳವು, ಅವಕ್ಕೆ ಮೂರು ಹೊಡೆಯುವುದೆಂದರೆ! ನೋಡಿದವರಿಗೆ ಈ ಹ್ಯಾಟ್ರಿಕ್ಕೇ ಸಿಟ್ಟು. ಅವರ ವಾದ ಹೀಗೆ: ಮೂರು ಅನ್ನೋದು ಲೆಕ್ಕಕ್ಕೆ ಸಿಗುತ್ತದೆ, ಅದಕ್ಕೆ ಎಲ್ಲರೂ ಅದನ್ನೇ ಹಿಡಿದುಕೊಂಡಿದ್ದಾರೆ. ಚಾಪ್‌ಮನ್ ಗೋಲು ಹೊಡೆಯೋ ಆಟಗಾರನೇ ಅಲ್ಲ. ವಿಜಯನ್ ಓಡೋಕೆ ಮೊದಲೇ ವಿಜಯನ್ ಎಲ್ಲಿರ್ತಾನೆ ಅಂತ ತಿಳಿದು ಅಲ್ಲಿಗೆ ಚೆಂಡು ಕಳಿಸಿರ್ತಿದ್ದವನು. ಅದನ್ನು ಬರೆದಿಡೋರು ಯಾರು? ಮರುದಿನ ಪೇಪರಿನಲ್ಲಿ ವಿಜಯನ್ ಫೋಟೊ ಬಂತು, ಅಷ್ಟೆ.

‘ಕಾಯಿ ಸುಲಿಯೋರ ಹಂಗೆ’ ಅಂದರು ಎಳನೀರಿನವರು, ಮಚ್ಚಿನಿಂದ ಕಣ್ಣು ಎತ್ತದೆ. ಹಿರಿಯರಿಬ್ಬರಿಗೂ ಅರ್ಥವಾಗಲಿಲ್ಲ. ನನಗೆ ಆಯಿತು. ನಮ್ಮ ಕಡೆ ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಕಾಯಿ ಚುಚ್ಚಿ, ಮಣಿಕಟ್ಟು ತಿರುವಿ, ಮೂರು ಹೊರಳಿಗೆ ಮಟ್ಟೆ ಬಿಡಿಸಿ ಎಸೆಯುವವರು ದಿನಕ್ಕೆ ಎಷ್ಟು ಕಾಯಿ ಸುಲಿಯುತ್ತಾರೆಂದು ತೋಟದವರಿಗಷ್ಟೇ ಗೊತ್ತು. ಮಾರುಕಟ್ಟೆಯಲ್ಲಿ ಉಂಡೆಯನ್ನು ಎತ್ತಿ ನೋಡುವವನಿಗೆ ಆ ಕೈ ಕಾಣುವುದಿಲ್ಲ. ಸುಲಿಯುವವರು ಈಗ ನಮ್ಮೂರಲ್ಲೂ ಸಿಗುತ್ತಿಲ್ಲ, ಯಂತ್ರ ಬಂದಿದೆ.

ಅಲ್ಲಿಂದ ಮಾತು ಫುಟ್‌ಬಾಲ್ ಬಿಟ್ಟು ಕೊಬ್ಬರಿಗೆ ಹೊರಳಿತು. ತಪ್ಪು ನನ್ನದೇ, ‘ಊರಲ್ಲಿ ತೋಟ ಹೇಗಿದೆ?’ ಎಂದು ಕೇಳಿಬಿಟ್ಟಿದ್ದೆ. ತೋಟ ತಮ್ಮನ ಪಾಲಿಗೆ. ತೊಂಬತ್ತರ ದಶಕದ ಕೊನೆಗೆ ನುಸಿ ಬಂತು, ಕಾಯಿ ಮೈಯೆಲ್ಲ ಕಜ್ಜಿ. ಆಮೇಲೆ ಕಪ್ಪುತಲೆ ಹುಳ, ಗರಿಗರಿ ಒಣಗಿದವು. ಮರ ಉಳಿದರೆ ರೇಟು ಉಳಿಯಲಿಲ್ಲ. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್ ಉಂಡೆ ಕೊಬ್ಬರಿಗೆ 11,750 ರೂಪಾಯಿ ಇದ್ದಾಗ ತಿಪಟೂರಿನ ಮಾರುಕಟ್ಟೆಯಲ್ಲಿ ಎಂಟು ಒಂಬತ್ತು ಸಾವಿರಕ್ಕೆ ಕೂಗುತ್ತಿದ್ದರು. ರೈತರು ಧರಣಿ ಕೂತದ್ದು ನಾನೇ ವರದಿ ಮಾಡಿದ್ದೇನೆ. ಎಳನೀರಿನವರ ತಮ್ಮ ಅಟ್ಟ ಖಾಲಿ ಮಾಡಿದ್ದು ಆಗ. ಒಂದು ವರ್ಷ ಕಾದಿಟ್ಟ ಕಾಯಿ, ಒಳಗಿನ ನೀರು ಇಂಗಿ, ಗಿಟಕು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಲಗಲ ಅನ್ನುವ ಹದಕ್ಕೆ ಬಂದದ್ದು. 2025ಕ್ಕೆ ಅದೇ ಕೊಬ್ಬರಿ 20 ಸಾವಿರ ದಾಟಿ ಹೋಯಿತು. ‘ನಮ್ಮೋನತ್ರ ಆಗ ಒಂದ್ ಉಂಡೆ ಇರ್ನಿಲ್ಲ’ ಎಂದು ಹೇಳಿ ಅವರು ಅದಕ್ಕೊಂದು ನಗೆಯನ್ನೂ ನಕ್ಕರು. ಈಗ ತಮ್ಮ ಕೊಬ್ಬರಿಗೆ ಕಾಯದೆ ಎಳನೀರಲ್ಲೇ ಮಾರುತ್ತಾನಂತೆ. ಅಟ್ಟದ ಮೇಲೆ ಇಲಿ ಓಡಾಡುತ್ತವಂತೆ.

ಲೆಫ್ಟ್ ಬ್ಯಾಕ್ ಹಿರಿಯರು ಸುಮ್ಮನೆ ಕೇಳುತ್ತ ನಿಂತಿದ್ದವರು, ‘ನಮ್ದೂ ಅದೇ ಕತೆ’ ಎಂದರು. ಅವರ ಕಾಲದಲ್ಲಿ ಚೆನ್ನಾಗಿ ಚೆಂಡು ಒದ್ದವನಿಗೆ ಎಚ್‌ಎಎಲ್, ಐಟಿಐ ಥರದ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತಿತ್ತು. ಬೆಳಿಗ್ಗೆ ಪ್ರಾಕ್ಟೀಸು, ಆಮೇಲೆ ಮೆಷಿನ್ನು, ಸಂಜೆ ಲೀಗ್ ಪಂದ್ಯ. ಸಂಬಳ, ಪಿಎಫ್, ಹೆಂಡತಿಗೆ ಇಎಸ್ಐ ಆಸ್ಪತ್ರೆ. ಕೇರಿಯ ಹುಡುಗ ಆಡುತ್ತೇನೆ ಅಂದರೆ ಮನೆಯಲ್ಲಿ ಬೈಯುತ್ತಿರಲಿಲ್ಲ. ಆ ಬಾಗಿಲು ಒಂದೊಂದಾಗಿ ಮುಚ್ಚಿತು. ನಮ್ಮ ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಗೆ 2016ರಲ್ಲಿ ಬೀಗ ಬಿದ್ದದ್ದು ನೆನಪಾಗಿ ಹೇಳಿದೆ. ಅವರು ತಮ್ಮ ಎಡಗೈ ಎತ್ತಿ ತೋರಿಸಿದರು: ಎಚ್‌ಎಂಟಿ, ಕೀಲಿ ಕೊಡುವಂಥದ್ದು, ಇನ್ನೂ ಓಡುತ್ತಿದೆ. ಹತ್ತು ನಿಮಿಷ ಮುಂದೆ.

ಚಾಪ್‌ಮನ್ ಆಡಿದ ಕ್ಲಬ್ಬುಗಳಲ್ಲೂ ಎರಡು ಈಗಿಲ್ಲ. ಎಫ್‌ಸಿ ಕೊಚ್ಚಿನ್ ಕೆಲವೇ ವರ್ಷದಲ್ಲಿ ಕಣ್ಣು ಮುಚ್ಚಿತು, ಜೆಸಿಟಿ 2011ರಲ್ಲಿ ತಂಡವನ್ನು ವಿಸರ್ಜಿಸಿತು. ಈಸ್ಟ್ ಬೆಂಗಾಲ್ ಉಳಿದಿದೆ, ಕೋಲ್ಕತ್ತದಲ್ಲಿ ಅದಕ್ಕೆ ಲಕ್ಷಾಂತರ ಜನ. 2013ರಿಂದ ಬೆಂಗಳೂರಿಗೂ ಬಿಎಫ್‌ಸಿ ಅನ್ನುವ ದೊಡ್ಡ ಕ್ಲಬ್ಬಿದೆ, ಕಂಠೀರವದಲ್ಲಿ ನೀಲಿ ಬಾವುಟಗಳಿವೆ, ಟಿಕೆಟ್ಟು ಆನ್‌ಲೈನಿನಲ್ಲಿದೆ. ‘ಒಳ್ಳೇದೇ’ ಎಂದರು ನೋಡಿದವರು. ‘ಆದ್ರೆ ಅಲ್ಲಿ ಕೂತ್ರೆ ಪಕ್ಕದಲ್ಲಿರೋನು ಆಟಗಾರನ ಅಪ್ಪನ ಹೆಸರು ಹೇಳಲ್ಲ.’ ಅವರ ಕಾಲದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಅದೇ ಮುಖ್ಯವಂತೆ: ಯಾರ ಮಗ, ಯಾವ ಬೀದಿ, ಅವನ ಅಣ್ಣ ಯಾವ ಕಾಲಲ್ಲಿ ಒದೀತಿದ್ದ.

ಚಾಪ್‌ಮನ್ ಸಾವಿನ ಸುದ್ದಿ ಬಂದ ದಿನವನ್ನು ಮೂವರೂ ಬೇರೆ ಬೇರೆಯಾಗಿ ಹೇಳಿದರು. ಕೊರೊನಾ ಕಾಲ. ಗುಂಪು ಕೂಡುವ ಹಾಗಿರಲಿಲ್ಲ. ಲೆಫ್ಟ್ ಬ್ಯಾಕ್ ಮನೆಯಿಂದ ಹೊರಗೆ ಬರಲಿಲ್ಲ, ಮಗಳು ಬಿಡಲಿಲ್ಲ. ನೋಡಿದವರು ಮಾಸ್ಕ್ ಹಾಕಿಕೊಂಡು ಈ ಮೈದಾನದವರೆಗೆ ಬಂದರು. ಯಾಕೆಂದು ಅವರಿಗೂ ಗೊತ್ತಿಲ್ಲ, ಗೇಟಿಗೆ ಬೀಗ, ಹಿಂದಿರುಗಿದರು. ಎಳನೀರಿನವರು ಅವತ್ತು ಗಾಡಿ ಹಾಕಿದ್ದರು. ಕಾಯಿಲೆಯ ಕಾಲ, ಎಳನೀರಿಗೆ ಬೇಡಿಕೆ ಇತ್ತು. ‘ನಲವತ್ತೊಂಬತ್ತು ಕಣಪ್ಪ. ನನಗಿಂತ ಚಿಕ್ಕೋನು’ ಎಂದವರು ಮತ್ತೇನೂ ಹೇಳದೆ, ಬೇಡದ ಕಾಯೊಂದನ್ನು ಎತ್ತಿಕೊಂಡು ತಟ್ಟುತ್ತ ಕೂತರು.

ಒಂದು ದೂರು ನನ್ನದೂ ಇದೆ. ಬಡಾವಣೆಯಲ್ಲಿ ಒಂದು ಗಂಟೆ ಅಲೆದೆ. ಜ್ಯೂಸಂಗಡಿಯ ಗೋಡೆಯ ಮೇಲೆ ಬ್ರೆಜಿಲ್ ಬಾವುಟದ ಬಣ್ಣ ಮಾಸಿ ನಿಂತಿತ್ತು, ಸಲೂನಿನಲ್ಲಿ ರೊನಾಲ್ಡೊ ಕ್ರಾಪಿನ ಚಿತ್ರ ಇತ್ತು. ನಾನು ನಡೆದ ಬೀದಿಗಳಲ್ಲಿ ಚಾಪ್‌ಮನ್ ಚಿತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಇಲ್ಲಿಂದ ಹೆಚ್ಚು ದೂರವಿಲ್ಲದ ಹಲಸೂರು ಬದಿಯ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಸಾಲಿನಲ್ಲಿ ಪೆಲೆಯನ್ನೂ ನಿಲ್ಲಿಸಿದ್ದಾರೆ. ಬೆಂಗಳೂರಿನವರು ಪೆಲೆಗೆ ಜಾಗ ಕೊಟ್ಟದ್ದಕ್ಕೆ ನನ್ನ ತಕರಾರಿಲ್ಲ. ಪಕ್ಕದಲ್ಲಿ ಇನ್ನೊಂದು ಪೀಠಕ್ಕೆ ಆಗುವಷ್ಟು ಕಲ್ಲು ಈ ಊರಿನಲ್ಲಿ ಇದ್ದೇ ಇರಬೇಕು. ಈ ಮಾತನ್ನು ಹಿರಿಯರ ಮುಂದಿಟ್ಟೆ. ಅವರಿಗೆ ಅಷ್ಟು ಉತ್ಸಾಹ ಬಂದಂತೆ ಕಾಣಲಿಲ್ಲ. ಪ್ರತಿಮೆ ಮಾಡಿದರೆ ಗೋಲು ಹೊಡೆಯುವ ಭಂಗಿಯಲ್ಲಿ ಮಾಡುತ್ತಾರೆ, ಅದು ತಪ್ಪು, ಪಾಸ್ ಕೊಡುವ ಭಂಗಿಯಲ್ಲಿರಬೇಕು ಎಂದು ನೋಡಿದವರು. ಪಾಸ್ ಕೊಡುವವನ ಪ್ರತಿಮೆ ಯಾರಾದರೂ ನೋಡಿದ್ದೀರಾ, ನಿಂತವನು ಕಾಲು ಉಳುಕಿದವನಂತೆ ಕಾಣುತ್ತಾನೆ ಎಂದು ಲೆಫ್ಟ್ ಬ್ಯಾಕ್. ಮತ್ತೆ ಶುರುವಾಯಿತು.

ಮಧ್ಯಾಹ್ನದ ಬಿಸಿಲು ಏರಿತು. ಹುಡುಗರು ಗಾಡಿಯ ಕೆಳಗಿನ ಡ್ರಮ್ಮಿನಿಂದ ಕೇಳದೆಯೇ ನೀರು ಮೊಗೆದುಕೊಂಡು ಮುಖ ತೊಳೆದು ಹೋದರು. ಅದು ಅಲ್ಲಿನ ರೂಢಿ ಇರಬೇಕು, ಎಳನೀರಿನವರು ಡ್ರಮ್ಮಿನ ಮುಚ್ಚಳ ತೆಗೆದೇ ಇಟ್ಟಿರುತ್ತಾರೆ. ನನಗೆ ಸಂಜೆಯ ರೈಲು ಹಿಡಿಯಬೇಕಿತ್ತು. ಎದ್ದು, ‘ಎಷ್ಟಾಯ್ತು ಯಜಮಾನ್ರೇ?’ ಎಂದೆ.

‘ಅರವತ್ತು.’

ಜೇಬಿನಲ್ಲಿ 50ರ ನೋಟು ಮತ್ತು ಒಂದಿಷ್ಟು ಚಿಲ್ಲರೆ. ಎಣಿಸಿದರೆ 57 ಆಯಿತು, ಮಿಕ್ಕಿದ್ದು 500ರ ನೋಟು. ನಮ್ಮ ಕಡೆಯವರಲ್ಲವೇ ಎಂಬ ಧೈರ್ಯದಲ್ಲಿ ಅಷ್ಟನ್ನೇ ಚಾಚಿದೆ. ಅವರು ಎಣಿಸಿ ನೋಡಿ, ಜೇಬಿಗೆ ಹಾಕಿಕೊಂಡು, ಗಾಡಿಗೆ ಅಂಟಿಸಿದ್ದ ಫೋನ್‌ಪೇ ಚೀಟಿಯ ಕಡೆಗೆ ಮಚ್ಚಿನ ತುದಿ ತೋರಿಸಿದರು.

‘ಮೂರ್ ರೂಪಾಯಿ ಇದಕ್ಕಾಕಣ್ಣ.’