ಕಿರಾನಾ ಸೀಮೆಯ ಕೇಳುಗರಿಗೆ ಹೆಡ್‌ಫೋನ್: ಮೊದಲು ಹಾಡು, ಕೊನೆಗೆ ಆಂಪ್ಲಿಫೈಯರ್

ಕುಂದಗೋಳ ತಾಲ್ಲೂಕಿನ ಕುಬಿಹಾಳದಂತಹ ಊರುಗಳಲ್ಲಿ ಸಂಗೀತ ಕೇಳುವ ರೂಢಿಯು ಗುಡಿಯ ಭಜನೆ, ಬಯಲಾಟ, 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಮತ್ತು ಕ್ಯಾಸೆಟ್ಟುಗಳ ಕಾಲವನ್ನು ಹಾದು, ಈಗ ಬಹುಮಟ್ಟಿಗೆ ಮೊಬೈಲ್ ಫೋನಿಗೂ ಅದಕ್ಕೆ ಜೋಡಿಸುವ ಹೆಡ್‌ಫೋನಿಗೂ ಬಂದು ನಿಂತಿದೆ. ಯಾವ ಹೆಡ್‌ಫೋನ್ ಕೊಳ್ಳಬೇಕು, ಅದರ ಜೊತೆಗೆ ಪ್ರತ್ಯೇಕ ಆಂಪ್ಲಿಫೈಯರ್ ಬೇಕೇ ಎಂಬ ಪ್ರಶ್ನೆಗೆ ಅಂಗಡಿಗಳು ಬೆಲೆಯ ಏಣಿಯನ್ನು ತೋರಿಸುತ್ತವೆ. ಆದರೆ ಈ ಸೀಮೆಯ ಕೇಳುಗರಿಗೆ ಅದಕ್ಕಿಂತ ನಂಬಲರ್ಹವಾದ ಅಳತೆಗೋಲೊಂದು ಇದೆ, ಅದು ಅವರು ಕೇಳುವ ಸಂಗೀತವೇ. ತಾಲ್ಲೂಕು ಕೇಂದ್ರವಾದ ಕುಂದಗೋಳವು ಹಿಂದೂಸ್ತಾನಿ ಗಾಯನದ ಕಿರಾನಾ ಘರಾಣೆಯ ಸವಾಯಿ ಗಂಧರ್ವರ, ಅಂದರೆ ರಾಮಭಾವು ಕುಂದಗೋಳಕರರ (1886–1952) ಊರು. ಅಬ್ದುಲ್ ಕರೀಂ ಖಾನರಲ್ಲಿ ಕಲಿತ ಅವರು ಇಲ್ಲಿ ಭೀಮಸೇನ ಜೋಶಿಯವರನ್ನು ಮನೆಯಲ್ಲಿರಿಸಿಕೊಂಡು ಕಲಿಸಿದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡರು. ವಿಲಂಬಿತ ಲಯದಲ್ಲಿ ಒಂದೊಂದೇ ಸ್ವರವನ್ನು ಬಿಡಿಸುತ್ತ ಹೋಗುವ ಈ ಗಾಯನವನ್ನು ಸರಿಯಾಗಿ ಕೇಳಿಸುವ ಸಾಧನವು ಉಳಿದ ಸಂಗೀತಕ್ಕೂ ಸಾಮಾನ್ಯವಾಗಿ ಸಲ್ಲುತ್ತದೆ.

ಕೇಳುವ ಸಂಗೀತದ ಹರವು

ನಾದದ ಎತ್ತರ ತಗ್ಗನ್ನು ಹರ್ಟ್ಜ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಸೆಕೆಂಡಿನಲ್ಲಿ ಗಾಳಿಯು ಎಷ್ಟು ಬಾರಿ ಕಂಪಿಸುತ್ತದೆಯೋ ಅಷ್ಟು ಹರ್ಟ್ಜ್. ಗಾಯಕರಲ್ಲಿ ಅನೇಕರು ಹಿಡಿಯುವ, ಹಾರ್ಮೋನಿಯಂನ ಕಪ್ಪು ಒಂದರ ಷಡ್ಜವು ಸುಮಾರು 139 ಹರ್ಟ್ಜ್ ಇರುತ್ತದೆ, ಅದಕ್ಕೆ ಶ್ರುತಿ ಮಾಡಿದ ತಂಬೂರಿಯ ಖರ್ಜದ ತಂತಿ ಅದರ ಅರ್ಧದಷ್ಟು, ಎಂದರೆ 69 ಹರ್ಟ್ಜ್ ಆಸುಪಾಸಿನಲ್ಲಿ ನುಡಿಯುತ್ತದೆ. ಆದರೆ ತಂಬೂರಿಯ ನಾದ ತುಂಬಿಕೊಂಡಂತೆ ಕೇಳಿಸುವುದು ಈ ಮೂಲ ಕಂಪನ ಒಂದರಿಂದಲೇ ಆಗುವುದಿಲ್ಲ. ತಂತಿಗಳನ್ನು ಹೊತ್ತ ಕುದುರೆ ಎಂಬ ಆಸರೆಯ ಬಾಗಿದ ಮೈಮೇಲೆ ತಂತಿಯು ಸವರಿಕೊಂಡು ಕಂಪಿಸುವಾಗ, ಅಡಿಯಲ್ಲಿಟ್ಟ ಜವಾರಿಯ ನೂಲಿನ ನೆರವಿನಿಂದ, ಮೂಲ ಕಂಪನದ ಎರಡು ಪಟ್ಟು, ಮೂರು ಪಟ್ಟು, ಹತ್ತು ಪಟ್ಟು ಹೀಗೆ ಅನೇಕ ಉಪಸ್ವರಗಳು ಏಳುತ್ತವೆ. ವಿಜ್ಞಾನಿ ಸಿ.ವಿ. ರಾಮನ್ 1921ರಲ್ಲಿ ತಂಬೂರಿ ಮತ್ತು ವೀಣೆಯ ಈ ವಿಶಿಷ್ಟ ಗುಣವನ್ನು ಕುರಿತು ಬರೆದಿದ್ದರು. ಈ ಉಪಸ್ವರಗಳು ಕೆಲವು ಸಾವಿರ ಹರ್ಟ್ಜ್‌ವರೆಗೂ ಚಾಚಿಕೊಂಡಿರುವುದರಿಂದ, ಮಧ್ಯಭಾಗವನ್ನು ತಗ್ಗಿಸಿ ಕೆಳಗಿನ ಗುಡುಗನ್ನೂ ಮೇಲಿನ ಝಣಝಣವನ್ನೂ ಉಬ್ಬಿಸುವ ಹೆಡ್‌ಫೋನಿನಲ್ಲಿ ತಂಬೂರಿಯು ಬರಿಯ ಗುಂಯ್‌ಗುಡುವಿಕೆಯಾಗಿ ಉಳಿಯುತ್ತದೆ ಮತ್ತು ಗಾಯಕರ ಧ್ವನಿ ಹಿಂದೆ ಸರಿದಂತೆ ತೋರುತ್ತದೆ.

ಇದೇ ಸೀಮೆಯ ಹೋಳಿ ಮತ್ತು ಮೆರವಣಿಗೆಗಳ ಜಗ್ಗಲಗಿ, ಅಂದರೆ ಬಂಡಿಯ ಗಾಲಿಯಷ್ಟು ಅಗಲದ ಚರ್ಮವಾದ್ಯವು ಬೇರೆಯದೇ ಪರೀಕ್ಷೆಯನ್ನು ಒಡ್ಡುತ್ತದೆ. ಅಲ್ಲಿ ಕೆಳಸ್ತರದ ಕಂಪನಗಳು ಬಲವಾಗಿರುವುದಷ್ಟೇ ಸಾಲದು, ಪೆಟ್ಟು ಬಿದ್ದ ಕೂಡಲೇ ಎದ್ದು ಕೂಡಲೇ ನಿಲ್ಲಲೂ ಬೇಕು. ಇನ್ನು ಹಳೆಯ ಧ್ವನಿಮುದ್ರಿಕೆಗಳ ವಿಷಯ ಬೇರೆ: ನಿಮಿಷಕ್ಕೆ 78 ಸುತ್ತು ತಿರುಗುವ, ಒಂದು ಬದಿಗೆ ಮೂರು ನಾಲ್ಕು ನಿಮಿಷದ ಹಾಡು ಹಿಡಿಸುವ ತಟ್ಟೆಗಳಲ್ಲಿ ಮೇಲಿನ ಕಂಪನಗಳು ಬಹುಪಾಲು ದಾಖಲಾಗಿಯೇ ಇಲ್ಲ, ಇರುವುದು ಮೇಲ್ಮೈಯ ಸರಸರ ಸದ್ದು ಮಾತ್ರ. ಆದ್ದರಿಂದ ಅಬ್ದುಲ್ ಕರೀಂ ಖಾನರ ಅಥವಾ ಯೌವನದ ಗಂಗೂಬಾಯಿಯವರ ಮುದ್ರಿಕೆಗಳನ್ನು ಕೇಳುವಾಗ ತೀರ ಚುರುಕಾದ ಮೇಲ್ಸ್ತರವುಳ್ಳ ದುಬಾರಿ ಹೆಡ್‌ಫೋನಿಗಿಂತ, ಮಧ್ಯಸ್ತರ ಹದವಾಗಿರುವ ಸಾಧಾರಣ ಬೆಲೆಯ ಹೆಡ್‌ಫೋನ್ ಹೆಚ್ಚು ಹಿತವೆನಿಸಬಹುದು.

ಕೇಳುವ ಜಾಗ

ಹೆಡ್‌ಫೋನುಗಳನ್ನು ರಚನೆಯ ಮೇಲೆ ಮುಖ್ಯವಾಗಿ ಮೂರು ಬಗೆಯಾಗಿ ನೋಡಬಹುದು. ಬಟ್ಟಲಿನ ಹಿಂಬದಿ ಜಾಲರಿಯಂತೆ ತೆರೆದಿರುವುದು ಮೊದಲನೆಯದು. ಸೆನ್‌ಹೈಸರ್ ಕಂಪನಿಯು 1968ರಲ್ಲಿ ಹೊರತಂದ ಎಚ್‌ಡಿ 414 ಮಾದರಿಯಿಂದ ಜನಪ್ರಿಯವಾದ ಈ ಬಗೆಯಲ್ಲಿ ಧ್ವನಿಯು ತಲೆಯೊಳಗೆ ಕಟ್ಟಿಹಾಕಿದಂತಿರದೆ ತುಸು ಬಿಡುಬೀಸಾಗಿ ಕೇಳುತ್ತದೆ, ಆದರೆ ಹೊರಗಿನ ಸದ್ದು ಒಳಗೂ ಒಳಗಿನ ಹಾಡು ಹೊರಗೂ ಹರಿಯುತ್ತವೆ. ಹಿಂಬದಿ ಮುಚ್ಚಿರುವುದು ಎರಡನೆಯದು, ಕಿವಿಯ ಕಾಲುವೆಯೊಳಗೆ ಕೂರುವ ಇಯರ್‌ಫೋನ್ ಮೂರನೆಯದು. ಇವೆರಡೂ ಹೊರಗಿನ ಸದ್ದನ್ನು ತಡೆಯುತ್ತವೆ. ಊಟದ ನಂತರ ಸಂಚಾರ ನಿಂತ ಹಳ್ಳಿಯ ಮನೆಯಲ್ಲಿ ಒಬ್ಬರೇ ಕುಳಿತು ಕೇಳುವವರಿಗೆ ತೆರೆದ ಬಗೆಯ ಲಾಭ ಪೂರ್ತಿಯಾಗಿ ದಕ್ಕುತ್ತದೆ. ಹುಬ್ಬಳ್ಳಿಗೆ ನಿತ್ಯ ಬಸ್ಸಿನಲ್ಲಿ ಹೋಗಿಬರುವವರಿಗೆ ಅದೇ ಹೆಡ್‌ಫೋನ್ ನಿರರ್ಥಕ, ಏಕೆಂದರೆ ಎಂಜಿನ್ನಿನ ಸದ್ದನ್ನು ಮೀರಿಸಲು ಅವರು ಧ್ವನಿಯನ್ನು ಏರಿಸುತ್ತಲೇ ಹೋಗಬೇಕಾಗುತ್ತದೆ.

ಧ್ವನಿಯ ಗುಣವನ್ನು ನಿರ್ಧರಿಸುವ ಮುಖ್ಯ ಅಂಶವನ್ನು ಆವರ್ತನ ಪ್ರತಿಕ್ರಿಯೆ ಎನ್ನುತ್ತಾರೆ. ತಗ್ಗಿನಿಂದ ಎತ್ತರದವರೆಗಿನ ಪ್ರತಿ ಕಂಪನವನ್ನೂ ಹೆಡ್‌ಫೋನ್ ಎಷ್ಟು ಜೋರಾಗಿ ಕೊಡುತ್ತದೆ ಎಂಬುದರ ನಕ್ಷೆ ಅದು. ಈ ಗೆರೆ ನೇರವಾಗಿದ್ದರೆ ಒಳ್ಳೆಯದೆಂಬ ಊಹೆ ಹೆಡ್‌ಫೋನಿನ ಮಟ್ಟಿಗೆ ತಪ್ಪು. ಎದುರಿನಿಂದ ಬರುವ ಧ್ವನಿಯನ್ನು ಕಿವಿಯ ಹಾಲೆ ಮತ್ತು ಕಾಲುವೆಗಳು ಸುಮಾರು 3000 ಹರ್ಟ್ಜ್ ಆಸುಪಾಸಿನಲ್ಲಿ ಸಹಜವಾಗಿಯೇ ಹಿಗ್ಗಿಸುತ್ತವೆ, ಮತ್ತು ಹೆಡ್‌ಫೋನ್ ಈ ಸಹಜ ದಾರಿಯನ್ನು ಬಹುಮಟ್ಟಿಗೆ ತಪ್ಪಿಸುವುದರಿಂದ ಅಲ್ಲಿ ತಾನೇ ಒಂದು ಏರನ್ನು ಒದಗಿಸಬೇಕಾಗುತ್ತದೆ. ಕಳೆದ ದಶಕದಲ್ಲಿ ಹರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಸಂಗಡಿಗರು ಅನೇಕ ಕೇಳುಗರ ಆಯ್ಕೆಗಳನ್ನು ಪರೀಕ್ಷಿಸಿ ರೂಪಿಸಿದ ಗುರಿರೇಖೆಯು ಇಂತಹ ಏರನ್ನೇ ತೋರಿಸುತ್ತದೆ. ಮೆತ್ತೆಯು ಕಿವಿಯ ಸುತ್ತ ಬಿಗಿಯಾಗಿ ಕೂರುವುದೂ ಅಷ್ಟೇ ಮುಖ್ಯ, ಏಕೆಂದರೆ ಕನ್ನಡಕದ ಕಡ್ಡಿ ಅಥವಾ ದಟ್ಟ ಕೂದಲು ಉಂಟುಮಾಡುವ ಸಣ್ಣ ಸಂದಿನಿಂದಲೂ ಮುಚ್ಚಿದ ಹೆಡ್‌ಫೋನಿನ ತಗ್ಗಿನ ನಾದ ಸೋರಿಹೋಗುತ್ತದೆ.

ಆಂಪ್ಲಿಫೈಯರಿನ ಲೆಕ್ಕ

ಆಂಪ್ಲಿಫೈಯರ್ ಎಂಬುದು ದುರ್ಬಲ ವಿದ್ಯುತ್ ಸಂಕೇತವನ್ನು ಹೆಡ್‌ಫೋನ್ ನಡೆಸುವಷ್ಟು ಬಲಪಡಿಸುವ ಸಾಧನ. ಅದರ ಅಗತ್ಯವನ್ನು ಎರಡು ಸಂಖ್ಯೆಗಳು ಹೇಳುತ್ತವೆ: ವಿದ್ಯುತ್ತಿನ ಹರಿವಿಗೆ ಹೆಡ್‌ಫೋನ್ ಒಡ್ಡುವ ತಡೆಯಾದ ಇಂಪೀಡೆನ್ಸ್, ಇದನ್ನು ಓಮ್‌ಗಳಲ್ಲಿ ಅಳೆಯುತ್ತಾರೆ, ಮತ್ತು ಗೊತ್ತಾದ ವಿದ್ಯುತ್ತಿಗೆ ಅದು ಎಷ್ಟು ಡೆಸಿಬೆಲ್ ಸದ್ದು ಕೊಡುತ್ತದೆ ಎಂಬುದನ್ನು ತಿಳಿಸುವ ಸಂವೇದನೆ. ಹೆಚ್ಚು ಓಮ್ ಇದ್ದರೆ ಆಂಪ್ಲಿಫೈಯರ್ ಕಡ್ಡಾಯವೆಂಬ ಮಾತು ಪ್ರಚಾರದಲ್ಲಿದ್ದರೂ ಲೆಕ್ಕವು ಅದನ್ನು ಪೂರ್ತಿ ಒಪ್ಪುವುದಿಲ್ಲ. ಸೆನ್‌ಹೈಸರ್ ಎಚ್‌ಡಿ 650 ಮಾದರಿಯ ಇಂಪೀಡೆನ್ಸ್ 300 ಓಮ್, ಸಂವೇದನೆ ಒಂದು ವೋಲ್ಟಿಗೆ 103 ಡೆಸಿಬೆಲ್. ಸರಾಸರಿ 70 ಡೆಸಿಬೆಲ್ ಮಟ್ಟದಲ್ಲಿ ಕೇಳುವವರಿಗೆ ತಾನಿನ ಏರು ಮತ್ತು ತಬಲಾದ ಪೆಟ್ಟುಗಳು 90ಕ್ಕೆ ಮುಟ್ಟುತ್ತವೆಂದು ಹಿಡಿದರೂ ಬೇಕಾಗುವುದು ಸುಮಾರು 0.22 ವೋಲ್ಟ್, ಅಂದರೆ ಒಂದು ಮಿಲಿವ್ಯಾಟಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಹಳೆಯ ಕಚೇರಿಗಳ ಮುದ್ರಣಗಳು ತಗ್ಗಿದ ಮಟ್ಟದಲ್ಲಿ ಇರುವುದುಂಟಾದ್ದರಿಂದ ಇನ್ನೂ 10 ಡೆಸಿಬೆಲ್ ಕೈಕಾವಲು ಇಟ್ಟುಕೊಂಡರೆ 0.7 ವೋಲ್ಟ್ ಸಾಕಾಗುತ್ತದೆ. ಫೋನಿಗೆ ಸಿಕ್ಕಿಸುವ, ಒಂದು ವೋಲ್ಟ್ ಕೊಡಬಲ್ಲ ಸಣ್ಣ ಡಾಂಗಲ್ ಅದನ್ನು ಪೂರೈಸುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಹೈಫೈಮ್ಯಾನ್ ಎಚ್‌ಇ-6. ತೆಳುವಾದ ಚಪ್ಪಟೆ ಪೊರೆಯು ಅಯಸ್ಕಾಂತಗಳ ನಡುವೆ ಕಂಪಿಸುವ, ಪ್ಲೇನಾರ್ ಎಂದು ಕರೆಯಲಾಗುವ ಈ ಬಗೆಯ ಹೆಡ್‌ಫೋನಿನ ಇಂಪೀಡೆನ್ಸ್ ಬರಿಯ 50 ಓಮ್ ಆದರೂ ಸಂವೇದನೆ ಒಂದು ಮಿಲಿವ್ಯಾಟಿಗೆ 83.5 ಡೆಸಿಬೆಲ್ ಮಾತ್ರ. ಮೇಲಿನ ಕೈಕಾವಲನ್ನೇ ಇಟ್ಟುಕೊಂಡು 100 ಡೆಸಿಬೆಲ್ ಮುಟ್ಟಲು ಅದಕ್ಕೆ ಸುಮಾರು 45 ಮಿಲಿವ್ಯಾಟ್ ಬೇಕಾಗುವುದರಿಂದ ಅಲ್ಲಿ ಪ್ರತ್ಯೇಕ ಆಂಪ್ಲಿಫೈಯರ್ ನಿಜವಾದ ಅಗತ್ಯವಾಗುತ್ತದೆ. ಆದರೆ ಅಗತ್ಯ ತೀರಿದ ಮೇಲೆ ಬಲ ಹೆಚ್ಚಿಸುವುದರಿಂದ ಫಲವಿಲ್ಲ: ವ್ಯಾಟ್ ಇಮ್ಮಡಿಯಾದಾಗ ಏರುವುದು ಮೂರೇ ಡೆಸಿಬೆಲ್, ಮತ್ತು ಕೃಷಿಹೊಂಡದ ಪಂಪಿಗೆ ಎಚ್‌ಪಿ ಹೆಚ್ಚಿಸಿದರೆ ನೀರಿನ ರುಚಿ ಬದಲಾಗದಂತೆ ಇಲ್ಲಿಯೂ ನಾದದ ಗುಣ ಬದಲಾಗುವುದಿಲ್ಲ.

ಹೊಂದಾಣಿಕೆಯಲ್ಲಿ ಹೆಚ್ಚು ಗಮನಿಸಬೇಕಾದುದು ಆಂಪ್ಲಿಫೈಯರಿನದೇ ಹೊರತಡೆ, ಅಂದರೆ ಅದರ ಔಟ್‌ಪುಟ್ ಇಂಪೀಡೆನ್ಸ್. ಇದು ಹೆಡ್‌ಫೋನಿನ ಇಂಪೀಡೆನ್ಸಿನ ಎಂಟನೇ ಒಂದು ಭಾಗವನ್ನು ಮೀರಬಾರದೆಂಬುದು ಬಳಕೆಯಲ್ಲಿರುವ ನಿಯಮ. ಕಾರಣವಿಷ್ಟೆ: ಅನೇಕ ಹೆಡ್‌ಫೋನುಗಳ ತಡೆಯು ಎಲ್ಲ ಕಂಪನಗಳಲ್ಲೂ ಒಂದೇ ಇರುವುದಿಲ್ಲ. ಒಂದು ಕಡೆ 32, ತಗ್ಗಿನ ನಾದದಲ್ಲಿ 64 ಓಮ್ ಆಗುವ ಹೆಡ್‌ಫೋನನ್ನು ಕೆಲವು ಹಳೆಯ ಸ್ಟೀರಿಯೊಗಳಲ್ಲಿರುವಂತೆ 120 ಓಮ್ ಹೊರತಡೆಯ ಕಿಂಡಿಗೆ ಜೋಡಿಸಿದರೆ, ಆ ತಗ್ಗಿನ ನಾದ ನಾಲ್ಕು ಡೆಸಿಬೆಲ್‌ಗೂ ಮಿಕ್ಕಿ ಉಬ್ಬುತ್ತದೆ. ಒಂದು ಓಮ್ ಹೊರತಡೆಯ ಸಾಧನದಲ್ಲಿ ಆ ವ್ಯತ್ಯಾಸ ಕಿವಿಗೆ ತಿಳಿಯದಷ್ಟು ಕಿರಿದಾಗುತ್ತದೆ. ಬೇಯರ್‌ಡೈನಾಮಿಕ್ ಡಿಟಿ 770ರಂತೆ ಒಂದೇ ಹೆಸರಿನಲ್ಲಿ 32, 80 ಮತ್ತು 250 ಓಮ್‌ಗಳ ಆವೃತ್ತಿಗಳು ಸಿಗುವಾಗ, ಫೋನಿನಿಂದ ಕೇಳುವವರು ಮೊದಲ ಎರಡರಲ್ಲಿ ಒಂದನ್ನು ಆರಿಸಿಕೊಂಡರೆ ಸಾಮಾನ್ಯವಾಗಿ ಆಂಪ್ಲಿಫೈಯರಿನ ಖರ್ಚು ಉಳಿಯುತ್ತದೆ.

ಹಳ್ಳಿಯ ಮನೆಗೆ ಒಗ್ಗುವ ಜೋಡಣೆ

ಅಂಕಿಗಳ ರೂಪದಲ್ಲಿರುವ ಹಾಡನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಭಾಗವನ್ನು ಡ್ಯಾಕ್ ಎನ್ನುತ್ತಾರೆ. 3.5 ಮಿಲಿಮೀಟರಿನ ಕಿಂಡಿ ಇಲ್ಲದ ಈಗಿನ ಫೋನುಗಳಿಗೆ ಸಿಕ್ಕಿಸುವ ಬೆರಳುದ್ದದ ಡಾಂಗಲ್‌ನಲ್ಲಿ ಡ್ಯಾಕ್ ಮತ್ತು ಆಂಪ್ಲಿಫೈಯರ್ ಎರಡೂ ಇರುತ್ತವೆ. ಇದು ಫೋನಿನ ಬ್ಯಾಟರಿಯಿಂದಲೇ ನಡೆಯುವುದರಿಂದ ಕರೆಂಟ್ ಹೋದಾಗಲೂ ಹಾಡು ನಿಲ್ಲುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಮೇಜಿನ ಆಂಪ್ಲಿಫೈಯರ್ ಮತ್ತು ಚಾರ್ಜರಿಗೆ ಸಿಕ್ಕಿಸಿದ ಲ್ಯಾಪ್‌ಟಾಪುಗಳನ್ನು ಜೋಡಿಸಿದಾಗ ಏಳಬಹುದಾದ 50 ಹರ್ಟ್ಜ್ ಗುಂಯ್‌ಕಾರ ಇಲ್ಲಿ ಇರುವುದಿಲ್ಲ. ಆ ಗುಂಯ್‌ಕಾರವು ಖರ್ಜದ ತಂತಿಗೆ ಹತ್ತಿರದಲ್ಲೇ ಬೇಸುರಾಗಿ ನಿಲ್ಲುವುದರಿಂದ ತಂಬೂರಿ ಕೇಳುವವರಿಗೆ ಅದು ವಿಶೇಷ ಕಿರಿಕಿರಿ. ಬ್ಲೂಟೂತ್ ಹೆಡ್‌ಫೋನುಗಳಲ್ಲಿಯಂತೂ ಡ್ಯಾಕ್, ಆಂಪ್ಲಿಫೈಯರ್ ಎಲ್ಲವೂ ಒಳಗೇ ಅಡಕವಾಗಿರುವುದರಿಂದ ಹೊಂದಾಣಿಕೆಯ ಪ್ರಶ್ನೆ ಏಳುವುದಿಲ್ಲ. ಅಲ್ಲಿ ಬ್ಯಾಟರಿಯ ಆಯುಷ್ಯವೇ ಬಹುಮಟ್ಟಿಗೆ ಸಾಧನದ ಆಯುಷ್ಯವಾಗುತ್ತದೆ.

ಬಲದ ಲೆಕ್ಕದಷ್ಟೇ ಮಿತಿಯ ಲೆಕ್ಕವೂ ಅಗತ್ಯ. ವಯಸ್ಕರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆಯವರೆಗೆ ಕೇಳುವುದು ಸುರಕ್ಷಿತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 90 ಡೆಸಿಬೆಲ್‌ಗೆ ಏರಿದರೆ ಆ ಅವಧಿ ನಾಲ್ಕು ಗಂಟೆಗೆ ಇಳಿಯುತ್ತದೆ. ಟ್ರ್ಯಾಕ್ಟರ್ ಓಡಿಸುತ್ತ ಅಥವಾ ಒಕ್ಕುವ ಯಂತ್ರದ ಬಳಿ ಹಾಡು ಹಾಕಿಕೊಳ್ಳುವವರು ಯಂತ್ರದ ಸದ್ದಿನ ಮೇಲೆ ಹಾಡಿನ ಸದ್ದನ್ನೂ ಪೇರಿಸುವುದರಿಂದ ಈ ಮಿತಿಯನ್ನು ಅರಿವಿಲ್ಲದೆ ದಾಟುತ್ತಾರೆ, ಜೊತೆಗೆ ಹಿಂದಿನಿಂದ ಕೂಗುವವರ ದನಿಯೂ ಅವರಿಗೆ ಕೇಳಿಸದು.

ಕೊಳ್ಳುವ ಮುನ್ನ ಅಂಗಡಿಯವರು ಹಾಕುವ ಹಾಡಿಗೆ ಕಿವಿಗೊಡುವ ಬದಲು ತಾವು ಚೆನ್ನಾಗಿ ಬಲ್ಲ ಮೂರು ಮುದ್ರಣಗಳನ್ನು, ಅಂದರೆ ತಂಬೂರಿ ಸ್ಪಷ್ಟವಾಗಿರುವ ಒಂದು ವಿಲಂಬಿತ ಖಯಾಲ್, ಒಂದು ಭಜನೆ ಮತ್ತು ಜಗ್ಗಲಗಿಯಂತಹ ಒಂದು ಚರ್ಮವಾದ್ಯವನ್ನು ಕೊಂಡೊಯ್ಯುವುದು ಒಳಿತು. ಎರಡು ಹೆಡ್‌ಫೋನುಗಳನ್ನು ಹೋಲಿಸುವಾಗ ಸದ್ದಿನ ಮಟ್ಟವನ್ನು ಸಮ ಮಾಡಿಕೊಳ್ಳಬೇಕು, ಏಕೆಂದರೆ ತುಸು ಜೋರಾಗಿರುವುದೇ ಮೇಲೆಂದು ಕಿವಿ ಭ್ರಮಿಸುತ್ತದೆ. ಹೀಗೆ ಆರಿಸಿ ತಂದ ಹೆಡ್‌ಫೋನನ್ನು ಮೊದಲು ಫೋನಿಗೆ ಅಥವಾ ಡಾಂಗಲ್‌ಗೆ ಜೋಡಿಸಿ, ಅತ್ಯಂತ ತಗ್ಗಿದ ಮುದ್ರಣವನ್ನು ಕೆಲವು ವಾರ ಕೇಳಿದ ಮೇಲೂ ಧ್ವನಿಮಟ್ಟ ತುದಿ ಮುಟ್ಟಿ ಸಾಲದೆಂದು ತೋರಿದರೆ ಆಗ ಆಂಪ್ಲಿಫೈಯರ್ ಕೊಳ್ಳುವುದು ನ್ಯಾಯ; ಸಾಕೆನಿಸಿದರೆ ಅದಕ್ಕಾಗಿ ಎತ್ತಿಟ್ಟ ಹಣವನ್ನು ಇನ್ನೊಂದು ಮೆಟ್ಟಿಲು ಉತ್ತಮವಾದ ಹೆಡ್‌ಫೋನಿಗೆ ಸೇರಿಸುವುದರಿಂದ ಆಗುವ ಲಾಭ ಖಚಿತವಾಗಿ ಹೆಚ್ಚು.