ನಾನೂರು ಕಲ್ಲುಮನೆ, ಕಲ್ಲಿಲ್ಲದ ಮೂರು ಸಾವಿರ

ಕಣಕಟ್ಟೆ, ಅರಸೀಕೆರೆ ಕಡೆಯವರಿಗೆ ಹಳೇಬೀಡು ಹೊಸದೇನಲ್ಲ. ಆದರೂ ಹೊಯ್ಸಳೇಶ್ವರ ಗುಡಿಯ ಪಕ್ಕದ ಗರುಡಗಂಬದ ಮುಂದೆ ನಿಂತು ನೋಡುವವರು ಕಡಿಮೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರನ್ನು ಅದರ ಮೇಲೆ ಕಡೆದಿದ್ದಾರೆ. 1220ರಲ್ಲಿ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ತೀರಿಕೊಂಡ ಸಂದರ್ಭದ ಕಥೆ ಅದು. ದೊರೆಯ ಹಿಂದೆಯೇ ಪ್ರಾಣ ಬಿಟ್ಟವರು ದಂಡನಾಯಕ ಕುವರ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಜೊತೆಗೆ ಸಾವಿರ ಮಂದಿ ವೀರರು ಎನ್ನುತ್ತದೆ ಶಾಸನ. ನಾವು ಇವತ್ತು ಹೆಸರು ಹಿಡಿದು ನೆನೆಯುವುದು ಆ ಗಂಡಹೆಂಡಿರನ್ನು ಮಾತ್ರ. ಉಳಿದವರು ಬರೀ 'ಸಾವಿರ'.

ಸತ್ತವರಲ್ಲಿ ಯಾರಿಗೆ ಕಲ್ಲು, ಯಾರಿಗೆ ಇಲ್ಲ ಎಂಬ ಲೆಕ್ಕ ಹೊಯ್ಸಳರಿಗಿಂತ ಬಹಳ ಹಿಂದಿನದು. ಅದನ್ನು ಹಾಕಬೇಕಾದರೆ ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡ ಹತ್ತಬೇಕು. ಅಲ್ಲಿನ ಜನ ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಬಂಡೆಯ ಮೇಲೆ ಸುಮಾರು 400 ಶಿಲಾಸಮಾಧಿಗಳಿವೆ. ಕೆಲವು ಮೊಣಕಾಲೆತ್ತರದವು, ಕೆಲವು ಆಳೆತ್ತರವನ್ನೂ ಮೀರಿ ನಿಂತ ಕಲ್ಲುಮನೆಗಳು. ಕಾಲ ಸುಮಾರು ಕ್ರಿ.ಪೂ. 800ರಿಂದ 200. ಚಪ್ಪಡಿ ಎಬ್ಬಿಸಿದ ಗುಳಿಯಲ್ಲಿ ಮಳೆನೀರು ನಿಂತು ಗುಡ್ಡದ ಮೇಲೆಯೇ ಕೆರೆಯಾಗಿದೆ.

ಒಂದು ಚಪ್ಪಡಿಯನ್ನು ತೂಗಿ ನೋಡೋಣ. ಎರಡೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದು ಗೇಣು ದಪ್ಪ ಎಂದುಕೊಳ್ಳಿ. ಒಂದು ಘನಮೀಟರ್ ಕಣಶಿಲೆ, ಅಂದರೆ ಸುಮಾರು 2,700 ಕಿಲೋ. ಮೂರು ಗೋಡೆ, ಮೇಲೊಂದು ಮುಚ್ಚುಗಲ್ಲು ಸೇರಿದರೆ ಹೆಚ್ಚುಕಡಿಮೆ 11 ಟನ್. ಹಗ್ಗ ಹಿಡಿದ ಒಬ್ಬೊಬ್ಬ ಆಳಿನ ಪಾಲಿಗೆ 60 ಕಿಲೋ ಎಂದರೂ ಒಂದೇ ಚಪ್ಪಡಿಗೆ 45 ಜನ ಬೇಕು. 200 ಜನರ ಊರಾದರೆ, ಮಕ್ಕಳು ಮುದುಕರನ್ನು ಬಿಟ್ಟ ಮೇಲೆ, ಗಟ್ಟಿ ಗಂಡಾಳುಗಳೆಲ್ಲ ಹೊಲದ ಕೆಲಸ ಬಿಟ್ಟು ಬಂದರೆಂದೇ ಅರ್ಥ.

ಇಷ್ಟಕ್ಕೇ ಬೆರಗಾಗಿ ಇಳಿದುಬಿಡುವುದು ಸುಲಭ. ನನ್ನನ್ನು ಬೆಚ್ಚಿಬೀಳಿಸಿದ್ದು ಇದರ ಮುಂದಿನ ಲೆಕ್ಕ. 600 ವರ್ಷಕ್ಕೆ 400 ಸಮಾಧಿ ಎಂದರೆ ಮೂರು ವರ್ಷಕ್ಕೆ ಎರಡು. ಔಷಧಿಯಿಲ್ಲದ ಕಾಲ, 200 ಜನರ ಊರಿನಲ್ಲಿ ವರ್ಷಕ್ಕೆ ಆರು ಸಾವು ಹೆಚ್ಚೇನಲ್ಲ. 600 ವರ್ಷಕ್ಕೆ 3,600 ಸಾವು. ಸಮಾಧಿಗೆ ಒಬ್ಬರಂತೆ ಹಿಡಿದರೆ 3,200 ಜನಕ್ಕೆ ಕಲ್ಲಿಲ್ಲ: ಒಂಬತ್ತು ಜನರಲ್ಲಿ ಎಂಟು ಮಂದಿಗೆ. ಇದು ನನ್ನ ಅಂದಾಜು, ಊರನ್ನು ಬೇಕೆಂದೇ ಚಿಕ್ಕದಾಗಿ ಹಿಡಿದಿದ್ದೇನೆ. ಊರು ಇನ್ನೂ ದೊಡ್ಡದಿದ್ದರೆ ಕಲ್ಲಿಲ್ಲದವರ ಸಂಖ್ಯೆ ಬೆಳೆಯುತ್ತದೆಯೇ ಹೊರತು ಇಳಿಯುವುದಿಲ್ಲ.

ಒಂದು ಸಮಾಧಿಯಲ್ಲಿ ಹಲವರನ್ನು ಇಟ್ಟಿರಬಹುದಲ್ಲ? ಇಟ್ಟದ್ದುಂಟು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆಸಿದಾಗ ಕೆಲವು ಕಲ್ಲುಪೆಟ್ಟಿಗೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಮೂಳೆಗಳು ಸಿಕ್ಕವು. ಅವೂ ಇಡೀ ಅಸ್ಥಿಪಂಜರಗಳಲ್ಲ, ಆಯ್ದು ತಂದಿಟ್ಟ ಮೂಳೆಗಳು. ಹೆಣವನ್ನು ಮೊದಲು ಬೇರೆಡೆ ಬಯಲಿಗಿಟ್ಟು, ಮಾಂಸ ಕಳಚಿದ ಮೇಲೆ ಮೂಳೆಯನ್ನು ಪೆಟ್ಟಿಗೆಗೆ ತರುತ್ತಿದ್ದರು ಎಂದು ವ್ಹೀಲರ್ ಊಹಿಸಿದರು. ಹಾಗಾಗಿ ಹಿರೇಬೆಣಕಲ್ಲಿನ ಪ್ರತಿಯೊಂದು ಸಮಾಧಿಗೂ ಆರಾರು ಜನರನ್ನು ಧಾರಾಳವಾಗಿ ತುಂಬಿಸಿ ನೋಡಿದೆ. 2,400 ಆಯಿತು. ಆಗಲೂ 1,200 ಜನ ಹೊರಗೇ ಉಳಿದರು.

ಬ್ರಹ್ಮಗಿರಿಯಲ್ಲಿ ಇನ್ನೊಂದು ಸಂಗತಿ ಇದೆ. ಕಲ್ಲುಪೆಟ್ಟಿಗೆಗಳಿಗಿಂತ ಹಿಂದಿನ, ಕಲ್ಲುಕೊಡಲಿಯ ಕಾಲದಲ್ಲಿ ಅಲ್ಲಿಯ ಜನ ಎಳೆಗೂಸು ಸತ್ತರೆ ಮಡಕೆಯಲ್ಲಿಟ್ಟು ಮನೆಗಳ ನಡುವೆಯೇ ಹೂಳುತ್ತಿದ್ದರು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲೂ ಅದೇ ಪದ್ಧತಿ. ಮಗುವಿಗೂ ಒಂದು ಜಾಗ, ಅದೂ ಹೊಸಿಲ ಬಳಿಯಲ್ಲೇ. ಬೃಹತ್ ಶಿಲೆಯ ಕಾಲ ಬಂದಾಗ ಸ್ಮಾರಕ ಊರಾಚೆಯ ಗುಡ್ಡಕ್ಕೆ ಹೋಯಿತು, ಟನ್‌ಗಟ್ಟಲೆ ತೂಗತೊಡಗಿತು, ಅದನ್ನು ಎಳೆಸುವ ಶಕ್ತಿಯುಳ್ಳವರ ಪಾಲಾಯಿತು. ಸಮಾಧಿಗೆ ಒಬ್ಬರೆಂಬ ಲೆಕ್ಕದಲ್ಲಿ, ಚಪ್ಪಡಿ ಎಳೆದ ಆ 45 ಜನರಲ್ಲಿ ತಮ್ಮ ಸಾವಿಗೆ ಅಂಥದೇ ಕಲ್ಲು ಪಡೆದವರು ಐದಾರು ಜನರಿದ್ದರೆ ಹೆಚ್ಚು.

2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು; ಸಂತೋಷವೇ. ಗುಡ್ಡದ ಕೆಳಗೆ ಮುಂದೆ ನಿಲ್ಲುವ ಫಲಕದಲ್ಲಿ 400ರ ಪಕ್ಕ ಕಲ್ಲಿಲ್ಲದವರ ಸಂಖ್ಯೆಯನ್ನೂ ಬರೆಯಲಿ. ಅಗೆಯುವವರು ಕಲ್ಲುಗಳ ಕೆಳಗಷ್ಟೇ ಅಲ್ಲ, ಸುತ್ತಲಿನ ಬರಿಯ ಮಣ್ಣಿನಲ್ಲೂ ಅವರನ್ನು ಹುಡುಕಲಿ.